ಚಂಡೆ ಪೆಟ್ಟಿಗೆ ಚಿತ್ರ ಕೂರಬೇಕು: ಲೈವ್ ಟಿವಿ ಟ್ರಾನ್ಸ್‌ಕೋಡ್ ಮಾಡುವಾಗ ಆಡಿಯೋ-ವಿಡಿಯೋ ಸಿಂಕ್ ಸರಿಪಡಿಸುವ ಕ್ರಮ

ಎರಡು ವರ್ಷದ ಹಿಂದೆ ಒಂದು ಯಕ್ಷಗಾನ ಆಟ ಲೈವ್ ಹೋಗುತ್ತಿದ್ದಾಗ ಶಿರಸಿ ಕಡೆಯ ಅಜ್ಜ ಒಬ್ಬರು ಫೋನ್ ಮಾಡಿದರು. "ತಮಾ, ಚಂಡೆ ಸದ್ದು ಮೊದ್ಲು ಕೇಳ್ತು, ಕೋಲು ಆಮೇಲೆ ಬೀಳ್ತು. ಎಂತ ಆತು?" ಅಂದರು. ನಮ್ಮ ಕಂಟ್ರೋಲ್ ರೂಮಿನ ಟಿವಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅರ್ಧ ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು. ನಮ್ಮ ಟಿವಿಯ ಧ್ವನಿ ಬ್ಲೂಟೂತ್ ಸ್ಪೀಕರ್‌ಗೆ ಹೋಗುತ್ತಿತ್ತು. ಆ ಸ್ಪೀಕರ್ ಧ್ವನಿಯನ್ನು ಸ್ವಲ್ಪ ತಡ ಮಾಡುತ್ತಿತ್ತು. ಸ್ಟ್ರೀಮಿನಲ್ಲಿ ಧ್ವನಿ ಎಷ್ಟು ಮುಂದಿತ್ತೋ ಹೆಚ್ಚುಕಡಿಮೆ ಅಷ್ಟೇ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಬಿಟ್ಟಿತ್ತು.

ನಾನು ಕುಮಟಾದ ಒಂದು ಸಣ್ಣ ಲೋಕಲ್ ಚಾನೆಲ್‌ನ ಹೆಡ್‌ಎಂಡ್, ಅಂದರೆ ಸಿಗ್ನಲ್ ಹಿಡಿದು ಕೇಬಲ್‌ಗೆ ಬಿಡುವ ಕೋಣೆ, ನೋಡಿಕೊಳ್ಳುತ್ತೇನೆ. ಕೇಬಲ್‌ಗೆ ಹೋಗುವ ಸಿಗ್ನಲ್ಲನ್ನೇ ಟ್ರಾನ್ಸ್‌ಕೋಡ್ ಮಾಡಿ, ಅಂದರೆ ಬಿಚ್ಚಿ ಸಣ್ಣ ಅಳತೆಗೆ ಮತ್ತೆ ಕಟ್ಟಿ, ಮೊಬೈಲಿಗೂ ಕಳಿಸುತ್ತೇವೆ. ಜಾತ್ರೆ, ಆಟ, ತೇರು ಇದ್ದರೆ ಸ್ಥಳದಿಂದ ಲೈವ್ ಇರುತ್ತದೆ. ಇಲ್ಲಿನ ಜನ ಮೇಳದ ಆಟ ನೋಡಿಕೊಂಡೇ ಬೆಳೆದವರು. ಸುದ್ದಿ ಓದುವವರ ತುಟಿ ಸ್ವಲ್ಪ ಹಿಂದೆ ಮುಂದೆ ಆದರೆ ಸುಮ್ಮನಿರುತ್ತಾರೆ, ಹೆಜ್ಜೆ ತಾಳಕ್ಕೆ ಬೀಳದಿದ್ದರೆ ಸುಮ್ಮನಿರುವುದಿಲ್ಲ. ಅವರು ಹೇಳುವುದು ಸರಿಯೇ. ಅಷ್ಟು ಕಷ್ಟಪಟ್ಟು ಕುಣಿದವನ ಗೆಜ್ಜೆ ಸದ್ದು ನಮ್ಮ ಸೆಟ್ಟಿಂಗ್‌ನಿಂದ ಕಾಲಿನಿಂದ ಬೇರೆಯಾಗಬಾರದು.

ಸಿಂಕ್ ತಪ್ಪಿದಾಗ ಎಲ್ಲರೂ ಮೊದಲು ಮಾಡುವ ಕೆಲಸ ಆಡಿಯೋ ಡಿಲೇ ಹುಡುಕಿ ತಿರುಗಿಸುವುದು. ಅದನ್ನು ಮಾಡಬೇಡಿ. ತಪ್ಪಿನಲ್ಲಿ ಮೂರು ಜಾತಿ ಇದೆ: ಒಂದೇ ಸಮ ಇರುವುದು, ನಿಧಾನ ಬೆಳೆಯುವುದು, ಇದ್ದಕ್ಕಿದ್ದಂತೆ ಜಿಗಿಯುವುದು. ಡಿಲೇ ಸರಿಪಡಿಸುವುದು ಮೊದಲನೆಯದನ್ನು ಮಾತ್ರ. ಉಳಿದೆರಡಕ್ಕೆ ಡಿಲೇ ಹಾಕಿದರೆ ಒಂದು ಗಂಟೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಮತ್ತೆ ಕೆಡುತ್ತದೆ.

ಎಷ್ಟು ತಪ್ಪಿದರೆ ತಪ್ಪು?

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಇದಕ್ಕೆ ಒಂದು ಶಿಫಾರಸು ಕೊಟ್ಟಿದೆ, ಬಿಟಿ 1359 ಅಂತ. ಅದರ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದೆ ಹೋದರೆ ಜನ ಗುರುತಿಸುತ್ತಾರೆ. ಹಿಂದೆ ಬಿದ್ದರೆ 125ರವರೆಗೂ ಗೊತ್ತಾಗುವುದಿಲ್ಲ. ಸಹಿಸಿಕೊಳ್ಳುವ ಮಿತಿ 90 ಮುಂದೆ, 185 ಹಿಂದೆ.

ಎರಡೂ ಕಡೆ ಒಂದೇ ಅಳತೆ ಯಾಕಿಲ್ಲ? ಗದ್ದೆ ಬಯಲಿನಲ್ಲಿ ಆಟ ನೋಡಿದವರಿಗೆ ಇದು ಸುಲಭ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ರಂಗಸ್ಥಳದಿಂದ 20 ಮೀಟರ್ ದೂರ ಕೂತವನಿಗೆ ಚಂಡೆ ಸದ್ದು 58 ಮಿಲಿಸೆಕೆಂಡ್ ತಡವಾಗಿಯೇ ತಲುಪುತ್ತದೆ. ತಡವಾದ ಧ್ವನಿ ನಮ್ಮ ಕಿವಿಗೆ ರೂಢಿ. ಕೋಲು ಬೀಳುವ ಮೊದಲೇ ಸದ್ದು ಬರುವುದು ಮಾತ್ರ ಲೋಕದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಪೂರ್ತಿ ಸೊನ್ನೆಗೆ ತರಲು ಆಗದಿದ್ದರೆ ಧ್ವನಿಯನ್ನು ಒಂದು ಕೂದಲೆಳೆ ಹಿಂದೆ ಬಿಡಿ, ಮುಂದೆ ಬಿಡಬೇಡಿ.

ಮೊದಲ ಕೆಲಸ: ನೋಡುವ ಜಾಗ ಸರಿ ಇದೆಯೇ?

ಬ್ಲೂಟೂತ್ ತೆಗೆಯಿರಿ. ವೈರ್ ಇರುವ ಹೆಡ್‌ಫೋನ್ ಹಾಕಿ. ಟಿವಿಯಲ್ಲಿ ಚಿತ್ರ ಚಂದ ಮಾಡುವ ಸೆಟ್ಟಿಂಗ್‌ಗಳನ್ನು ಆಫ್ ಮಾಡಿ, ಗೇಮ್ ಮೋಡ್ ಇದ್ದರೆ ಹಾಕಿ. ಒಂದೇ ಸ್ಟ್ರೀಮನ್ನು ಎರಡು ಬೇರೆ ಫೋನಿನಲ್ಲಿ, ಒಂದು ಕಂಪ್ಯೂಟರಿನ ವಿಎಲ್‌ಸಿಯಲ್ಲಿ ನೋಡಿ. ಒಂದರಲ್ಲಿ ಮಾತ್ರ ತಪ್ಪಿದ್ದರೆ ಅದು ಆ ಸಾಧನದ ತೊಂದರೆ. ಮೂರರಲ್ಲೂ ಒಂದೇ ತರಹ ತಪ್ಪಿದ್ದರೆ ಸ್ಟ್ರೀಮಿನದು.

ಎರಡನೆಯದು: ಮೂರು ಜಾಗದಲ್ಲಿ ರೆಕಾರ್ಡ್ ಮಾಡಿ

ಕಣ್ಣಂದಾಜಿನಲ್ಲಿ ಕೆಲಸ ಮಾಡಬೇಡಿ. ಟ್ರಾನ್ಸ್‌ಕೋಡರ್‌ಗೆ ಬರುವ ಸ್ಟ್ರೀಮು, ಅದರಿಂದ ಹೊರಗೆ ಹೋಗುವ ಸ್ಟ್ರೀಮು, ಕೊನೆಗೆ ನೋಡುಗನ ಫೋನಿಗೆ ಬರುವ ಸ್ಟ್ರೀಮು, ಈ ಮೂರನ್ನೂ ಎರಡೆರಡು ನಿಮಿಷ ರೆಕಾರ್ಡ್ ಮಾಡಿ. ರೆಕಾರ್ಡ್ ಮಾಡುವಾಗ ಮತ್ತೆ ಎನ್‌ಕೋಡ್ ಮಾಡಬೇಡಿ, ಬಂದಿದ್ದನ್ನು ಬಂದ ಹಾಗೆ ಕಾಪಿ ಮಾಡಿ.

ಆಮೇಲೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ತರಹದ ಯಾವುದಾದರೂ ಎಡಿಟರ್‌ನಲ್ಲಿ ತೆರೆಯಿರಿ. ಒಂದು ಸ್ಪಷ್ಟ ಪೆಟ್ಟು ಹುಡುಕಿ. ಚಂಡೆ ಇದಕ್ಕೆ ಬಹಳ ಒಳ್ಳೆಯದು: ಕೋಲು ಚರ್ಮ ಮುಟ್ಟಿದ ಫ್ರೇಮ್ ಕಣ್ಣಿಗೆ ಕಾಣುತ್ತದೆ, ಸದ್ದಿನ ಅಲೆ ಗೆರೆಯಲ್ಲಿ ಮುಳ್ಳಿನ ಹಾಗೆ ಏಳುತ್ತದೆ. ಮದ್ದಲೆ ಇಷ್ಟು ಸಲೀಸಲ್ಲ, ಬೆರಳು ಎಲ್ಲಿ ಮುಟ್ಟಿತು ಅಂತ ತಿಳಿಯುವುದು ಕಷ್ಟ. ಸ್ಟುಡಿಯೋ ಆದರೆ ಒಬ್ಬರು ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿದರೆ ಸಾಕು. ಕೋಲು ಮುಟ್ಟಿದ ಫ್ರೇಮಿಗೂ ಮುಳ್ಳಿಗೂ ನಡುವೆ ಎಷ್ಟು ಫ್ರೇಮ್ ಇದೆ ಎಣಿಸಿ. ನಮ್ಮಲ್ಲಿ ಟಿವಿ ಸೆಕೆಂಡಿಗೆ 25 ಫ್ರೇಮ್, ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಮೂರು ಫ್ರೇಮ್ ವ್ಯತ್ಯಾಸ ಅಂದರೆ 120.

ಒಳಗೆ ಬರುವಾಗಲೇ ತಪ್ಪಿದ್ದರೆ ಟ್ರಾನ್ಸ್‌ಕೋಡರ್ ಮುಟ್ಟಬೇಡಿ, ತೊಂದರೆ ಅದಕ್ಕಿಂತ ಹಿಂದೆ ಇದೆ. ಒಳಗೆ ಸರಿ ಇದ್ದು ಹೊರಗೆ ತಪ್ಪಿದ್ದರೆ ಟ್ರಾನ್ಸ್‌ಕೋಡರ್ ಕೆಲಸ. ಎರಡೂ ಸರಿ ಇದ್ದು ಫೋನಿನಲ್ಲಿ ತಪ್ಪಿದ್ದರೆ ಸೆಗ್ಮೆಂಟ್ (ಮೊಬೈಲಿಗೆ ಕಳಿಸಲು ಸ್ಟ್ರೀಮನ್ನು ಕತ್ತರಿಸಿದ ತುಂಡು) ಅಥವಾ ಪ್ಲೇಯರ್ ಕಾರಣ. ಹತ್ತು ನಿಮಿಷದ ಈ ಕೆಲಸ ಇಡೀ ರಾತ್ರಿಯ ಪರದಾಟ ಉಳಿಸುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಆಗ ಜಾತಿ ಯಾವುದು ಅಂತಲೂ ಗೊತ್ತಾಗುತ್ತದೆ.

ಚೀಟಿಯ ವಿಷಯ

ಮುಂದೆ ಹೋಗುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದಿರಬೇಕು. ಟಿವಿ ಸ್ಟ್ರೀಮು 188 ಬೈಟಿನ ಸಣ್ಣ ಸಣ್ಣ ಪ್ಯಾಕೆಟ್‌ಗಳಲ್ಲಿ ಬರುತ್ತದೆ. ಚಿತ್ರ, ಧ್ವನಿ ಎರಡೂ ಅದರಲ್ಲೇ ಕಲಸಿಕೊಂಡಿರುತ್ತವೆ. ಪ್ರತಿ ಚಿತ್ರಕ್ಕೂ, ಧ್ವನಿಯ ತುಣುಕುಗಳಿಗೂ "ಇಷ್ಟು ಹೊತ್ತಿಗೆ ತೋರಿಸು", "ಇಷ್ಟು ಹೊತ್ತಿಗೆ ಕೇಳಿಸು" ಅನ್ನುವ ಚೀಟಿ ಇರುತ್ತದೆ. ಅದಕ್ಕೆ ಪಿಟಿಎಸ್ ಅಂತ ಹೆಸರು. ಈ ಚೀಟಿ ಸೆಕೆಂಡಿಗೆ 90,000 ಎಣಿಕೆಯ ಗಡಿಯಾರದಲ್ಲಿ ಬರೆದಿರುತ್ತದೆ. 25 ಫ್ರೇಮಿನ ವಿಡಿಯೋದಲ್ಲಿ ಪ್ರತಿ ಫ್ರೇಮಿಗೂ ಚೀಟಿ 3,600 ಏರುತ್ತದೆ. ಕಳಿಸುವವರ ಗಡಿಯಾರ ಎಷ್ಟಾಗಿದೆ ಅಂತ ಹೇಳಲು ಪಿಸಿಆರ್ ಬೇರೆ ಇರುತ್ತದೆ.

ಟ್ರಾನ್ಸ್‌ಕೋಡರ್ ಮಾಡಬೇಕಾದ್ದು ಇಷ್ಟೇ: ಪೊಟ್ಟಣ ಬಿಚ್ಚಬೇಕು, ಸಣ್ಣದು ಮಾಡಬೇಕು, ಹಳೇ ಚೀಟಿಯ ಲೆಕ್ಕದಲ್ಲೇ ಹೊಸ ಚೀಟಿ ಅಂಟಿಸಬೇಕು. ವಿಡಿಯೋ ಎನ್‌ಕೋಡ್ ಆಗಲು ಎರಡು ಸೆಕೆಂಡ್ ಹಿಡಿಯಲಿ, ಆಡಿಯೋ ಕ್ಷಣದಲ್ಲಿ ಮುಗಿಯಲಿ, ಚೀಟಿ ಸರಿ ಇದ್ದರೆ ಪ್ಲೇಯರ್ ಎರಡನ್ನೂ ಕೂಡಿಸಿಕೊಳ್ಳುತ್ತದೆ. "ವಿಡಿಯೋ ಹೆವಿ, ಅದಕ್ಕೇ ಲೇಟು" ಅಂತ ಬಹಳ ಜನ ಹೇಳುತ್ತಾರೆ. ಅದು ಕಾರಣ ಅಲ್ಲ. ಟ್ರಾನ್ಸ್‌ಕೋಡರ್ ಒಳಗೆ ಸಿಂಕ್ ತಪ್ಪಿದರೆ ಅಲ್ಲಿ ಯಾರೋ ಚೀಟಿ ಹರಿದಿದ್ದಾರೆ, ಇಲ್ಲ ಓದದೆ ಬಿಟ್ಟಿದ್ದಾರೆ, ಇಲ್ಲ ಮನಸ್ಸಿಗೆ ಬಂದದ್ದು ಬರೆದಿದ್ದಾರೆ.

ಚೀಟಿ ನೋಡಲು ಎಫ್‌ಎಫ್‌ಪ್ರೋಬ್ ಸಾಕು, ಟ್ರಾನ್ಸ್‌ಕೋಡ್ ಮಾಡುವ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್ ಜೊತೆಗೇ ಬರುತ್ತದೆ. ರೆಕಾರ್ಡ್ ಮಾಡಿದ ಫೈಲಿಗೆ ಶೋ ಪ್ಯಾಕೆಟ್ಸ್ ಕೊಟ್ಟರೆ ಪ್ರತಿ ಪ್ಯಾಕೆಟ್ಟಿನ ಪಿಟಿಎಸ್ ಸಾಲಾಗಿ ಬರುತ್ತದೆ. ಎಂಪಿ2 ಆಡಿಯೋ ಆದರೆ ಫ್ರೇಮಿಗೆ 24 ಮಿಲಿಸೆಕೆಂಡ್, 48 ಕಿಲೋಹರ್ಟ್ಸ್ ಎಎಸಿ ಆದರೆ 21.33. ಈ ಲೆಕ್ಕದಲ್ಲಿ ಸಮವಾಗಿ ಏರುತ್ತಿದೆಯೇ ನೋಡಿ. ನಡುವೆ ಎಲ್ಲಾದರೂ ಹಾರಿದ್ದರೆ ಗುರುತು ಹಾಕಿಕೊಳ್ಳಿ.

ಒಂದೇ ಸಮ ತಪ್ಪಿದ್ದರೆ

ಅಜ್ಜ ಹೇಳಿದ್ದು ಇದೇ ಜಾತಿ. ಸ್ಥಳದಿಂದ ಲೈವ್ ಮಾಡುವಾಗ ಜಾಸ್ತಿ ಆಗುವುದೂ ಇದೇ. ರಂಗಸ್ಥಳದ ಪಕ್ಕದ ಕ್ಯಾಮೆರಾದಿಂದ ಚಿತ್ರ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಮೂಲಕ ಸ್ವಿಚರ್‌ಗೆ ಬರುತ್ತಿತ್ತು. ಧ್ವನಿ ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ನೇರ ವೈರಿನಲ್ಲಿ ಎನ್‌ಕೋಡರ್‌ಗೆ. ವೈರ್‌ಲೆಸ್‌ನಲ್ಲಿ ಸ್ವಲ್ಪ, ಸ್ವಿಚರ್‌ನಲ್ಲಿ ಒಂದೆರಡು ಫ್ರೇಮ್ ಅಂತ ಚಿತ್ರ ಹಿಂದೆ ಬೀಳುತ್ತಾ ಬಂತು. ಧ್ವನಿಗೆ ಯಾವ ಅಡೆತಡೆಯೂ ಇರಲಿಲ್ಲ. ಅಳೆದಾಗ ನಾಲ್ಕು ಫ್ರೇಮ್, 160 ಮಿಲಿಸೆಕೆಂಡ್ ಧ್ವನಿ ಮುಂದಿತ್ತು. ಎನ್‌ಕೋಡರ್ ಚೀಟಿ ಸರಿಯಾಗಿಯೇ ಬರೆದಿತ್ತು. ಆದರೆ ಅದರ ಕೈಗೆ ಬಂದ ಹೊತ್ತಿಗೇ ಎರಡೂ ಬೇರೆ ಬೇರೆ ಹೊತ್ತಿನವು.

ಇಲ್ಲಿ ಡಿಲೇ ಹಾಕುವುದೇ ಮದ್ದು, ಅದೂ ಆದಷ್ಟು ಮೂಲದ ಹತ್ತಿರ. ಡಿಜಿಟಲ್ ಮಿಕ್ಸರ್ ಆದರೆ ನಮಗೆ ಕೊಡುವ ಔಟ್‌ಪುಟ್ಟಿಗೆ ಡಿಲೇ ಹಾಕಲು ಹೇಳಿ, ಜನರ ಸ್ಪೀಕರ್‌ಗೆ ಅಲ್ಲ. ಲೈವ್ ಕಳಿಸುವ ತಂತ್ರಾಂಶ ಓಬಿಎಸ್ ಬಳಸುವವರು ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಸಿಂಕ್ ಆಫ್‌ಸೆಟ್ 160 ಕೊಡಿ. ಎಫ್‌ಎಫ್‌ಎಂಪೆಗ್‌ನಲ್ಲಾದರೆ ಎ-ಡಿಲೇ ಫಿಲ್ಟರ್‌ಗೆ 160 ಕೊಟ್ಟು, ಆಲ್ ಈಕ್ವಲ್ ಟು 1 ಸೇರಿಸಿ. ಅದು ಬಿಟ್ಟರೆ ಎಡಗಡೆ ಚಾನೆಲ್ ಮಾತ್ರ ತಡವಾಗಿ ಬಲಗಡೆಯದು ಹಾಗೇ ಉಳಿಯುತ್ತದೆ.

ಧ್ವನಿಯೇ ಹಿಂದೆ ಬಿದ್ದಿದ್ದರೆ? ಲೈವ್‌ನಲ್ಲಿ ಇನ್ನೂ ಬಾರದ ಧ್ವನಿಯನ್ನು ಮುಂಚೆ ತರಲು ಆಗುವುದಿಲ್ಲ. ಚಿತ್ರವನ್ನೇ ತಡೆದು ನಿಲ್ಲಿಸಬೇಕು. ಓಬಿಎಸ್‌ನಲ್ಲಿ ಇದಕ್ಕೆ ವಿಡಿಯೋ ಡಿಲೇ ಫಿಲ್ಟರ್ ಇದೆ.

ಇನ್ನೊಂದು ಬಗೆ ಇದೆ. ತಪ್ಪು ಒಂದೇ ಸಮ ಇರುತ್ತದೆ, ಆದರೆ ಟ್ರಾನ್ಸ್‌ಕೋಡರ್ ರೀಸ್ಟಾರ್ಟ್ ಮಾಡಿದ ಪ್ರತಿ ಸಲವೂ ಬೇರೆ ಸಂಖ್ಯೆ. ಒಮ್ಮೆ 200, ಇನ್ನೊಮ್ಮೆ 900. ಇದು ಕ್ಯಾಮೆರಾ ಕಡೆಯದಲ್ಲ. ಸ್ಟ್ರೀಮಿನ ನಡುವೆ ಹತ್ತಿಕೊಂಡಾಗ ಧ್ವನಿ ಕೂಡಲೇ ಸಿಗುತ್ತದೆ, ಚಿತ್ರ ಮಾತ್ರ ಮುಂದಿನ ಕೀಫ್ರೇಮ್ (ಬೇರೆ ಫ್ರೇಮಿನ ನೆರವಿಲ್ಲದೆ ಬಿಚ್ಚಿಕೊಳ್ಳುವ ಪೂರ್ತಿ ಚಿತ್ರ) ಬರುವವರೆಗೆ ಕಾಯಬೇಕು. ಆ ಅಂತರವನ್ನು ಚೀಟಿ ನೋಡಿ ತುಂಬಬೇಕಿತ್ತು, ತುಂಬಿಲ್ಲ. ಇದಕ್ಕೆ ಡಿಲೇ ಬೇಡ. ಎ-ರೀಸ್ಯಾಂಪಲ್ ಫಿಲ್ಟರ್‌ನಲ್ಲಿ ಅಸಿಂಕ್ 1 ಕೊಟ್ಟು, ಫಸ್ಟ್ ಪಿಟಿಎಸ್ 0 ಮಾಡಿ. ಶುರುವಿನಲ್ಲಿ ಕೊರತೆ ಇದ್ದಷ್ಟು ಮೌನ ತುಂಬುತ್ತದೆ, ಹೆಚ್ಚಿದ್ದರೆ ಕತ್ತರಿಸುತ್ತದೆ.

ಆಯ್ಕೆಗಳ ಹೆಸರನ್ನು ಓದಲು ಅನುಕೂಲವಾಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು, ಎ-ರೀಸ್ಯಾಂಪಲ್, ಎ-ಡಿಲೇ ಎಲ್ಲ ಗೆರೆ ಇಲ್ಲದೆ ಒಂದೇ ಪದ.

ನಿಧಾನ ಬೆಳೆಯುತ್ತಿದ್ದರೆ

ರಾತ್ರಿ ಹತ್ತಕ್ಕೆ ಸರಿ ಇರುತ್ತದೆ. ಎರಡು ಗಂಟೆಗೆ ಏನೋ ಸರಿ ಇಲ್ಲ ಅನಿಸುತ್ತದೆ. ಬೆಳಗಿನ ಜಾವದ ಹೊತ್ತಿಗೆ ಪೂರ್ತಿ ಬಿಟ್ಟುಹೋಗಿರುತ್ತದೆ. ಇದು ಎರಡು ಗಡಿಯಾರದ ಜಗಳ. ಕ್ಯಾಮೆರಾಕ್ಕೆ ಒಂದು ಗಡಿಯಾರ, ಸೌಂಡ್ ಕಾರ್ಡಿಗೆ ಇನ್ನೊಂದು. ಎರಡೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ.

ಎಷ್ಟು ಬೆಳೆಯುತ್ತಿದೆ ಅಂತ ಗಂಟೆಯ ಲೆಕ್ಕ ಹಾಕಿ. ಆ ಸಂಖ್ಯೆಯೇ ಕಳ್ಳನ ಹೆಸರು ಹೇಳುತ್ತದೆ. ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ ಗಂಟೆಗೆ 0.18 ಸೆಕೆಂಡ್, ಎಂಟು ಗಂಟೆಯ ಆಟಕ್ಕೆ 1.44 ಸೆಕೆಂಡ್. ಗಂಟೆಗೆ ಸರಿಯಾಗಿ 3.6 ಸೆಕೆಂಡ್ ಹತ್ತಿರ ಬಂದರೆ ಎಲ್ಲೋ 29.97 ಫ್ರೇಮನ್ನು 30 ಅಂತ ಓದುತ್ತಿದ್ದಾರೆ. ಒಂದು ನಿಮಿಷಕ್ಕೇ ಐದು ಸೆಕೆಂಡ್ ಚಿಲ್ಲರೆ ಹೋಗುತ್ತಿದ್ದು, ಭಾಗವತರ ಧ್ವನಿಯೂ ಮಕ್ಕಳ ಧ್ವನಿಯ ಹಾಗೆ ತೆಳ್ಳಗಾಗಿದ್ದರೆ 44.1 ಕಿಲೋಹರ್ಟ್ಸ್ ಆಡಿಯೋವನ್ನು 48 ಅಂತ ಓಡಿಸುತ್ತಿದ್ದಾರೆ. ಕೊನೆಯ ಎರಡಕ್ಕೆ ಸೆಟ್ಟಿಂಗ್ ಸರಿ ಮಾಡಿದರೆ ಮುಗಿಯಿತು. ಮಿಕ್ಸರ್‌ನಿಂದ ಹಿಡಿದು ಕೊನೆಯವರೆಗೆ ಎಲ್ಲ 48 ಇಡಿ, ವಿಡಿಯೋ ಎಲ್ಲ ಕಡೆ 25 ಅಥವಾ 50 ಇಡಿ.

ಗಡಿಯಾರದ ಜಗಳಕ್ಕೆ ಮತ್ತೆ ಅಸಿಂಕ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅಸಿಂಕ್‌ಗೆ 1 ಕೊಟ್ಟರೆ ತುಂಬುವುದು, ಕತ್ತರಿಸುವುದು ಮಾತ್ರ. 1ಕ್ಕಿಂತ ದೊಡ್ಡ ಸಂಖ್ಯೆ ಕೊಟ್ಟರೆ ಸೆಕೆಂಡಿಗೆ ಅಷ್ಟು ಸ್ಯಾಂಪಲ್‌ವರೆಗೆ ಧ್ವನಿಯನ್ನು ಎಳೆಯಬಹುದು ಅಥವಾ ಒತ್ತಬಹುದು ಅಂತ ಅರ್ಥ. ಎಲ್ಲರೂ ಕಣ್ಣು ಮುಚ್ಚಿ 1000 ಹಾಕುತ್ತಾರೆ. 48,000ದಲ್ಲಿ 1000 ಅಂದರೆ ಶೇಕಡಾ 2. ಮಾತಿಗೆ ನಡೆಯುತ್ತದೆ. ಪದ್ಯಕ್ಕೆ ನಡೆಯುವುದಿಲ್ಲ. ಅಷ್ಟು ಎಳೆದರೆ ಶ್ರುತಿ ಹೆಚ್ಚುಕಡಿಮೆ ಒಂದು ಅರೆಸ್ವರದ (ಸೆಮಿಟೋನ್) ಮೂರನೇ ಒಂದು ಭಾಗ ಅಲುಗಾಡುತ್ತದೆ. ಹಾರ್ಮೋನಿಯಂ ಹಿಡಿದು ನಿಂತ ಸ್ವರ ಹೀಗೆ ಅಲುಗಿದರೆ ಕಿವಿ ಇದ್ದವರಿಗೆ ತಕ್ಷಣ ಗೊತ್ತಾಗುತ್ತದೆ. ನಿಜಕ್ಕೂ ಬೇಕಾಗಿರುವುದು ಎಷ್ಟು? ಹತ್ತು ಲಕ್ಷಕ್ಕೆ 50ರ ವ್ಯತ್ಯಾಸ ತುಂಬಲು ಸೆಕೆಂಡಿಗೆ 2.4 ಸ್ಯಾಂಪಲ್ ಸಾಕು. ಹಾಗಾಗಿ ನಾನು 100 ಹಾಕುತ್ತೇನೆ. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿಯೇ ಆಯಿತು, ಕಿವಿಗೆ ಏನೂ ಗೊತ್ತಾಗುವುದಿಲ್ಲ.

ಫೋನ್ ಕ್ಯಾಮೆರಾವನ್ನು ಮೂಲವಾಗಿ ಬಳಸಿದರೆ ಫ್ರೇಮ್ ವೇಗ ಬೆಳಕಿಗೆ ತಕ್ಕಂತೆ ಏರಿಳಿಯಬಹುದು. ಅಲ್ಲಿ ಔಟ್‌ಪುಟ್‌ನಲ್ಲಿ ಎಫ್‌ಪಿಎಸ್ ಮೋಡ್ ಸಿಎಫ್‌ಆರ್ (ಫ್ರೇಮ್ ವೇಗ ಒಂದೇ ಸಮ) ಅಂತ ಹಾಕಿ. ಎಫ್‌ಎಫ್‌ಎಂಪೆಗ್ 5.1ಕ್ಕಿಂತ ಹಳೆಯದಾದರೆ ಇದೇ ಕೆಲಸಕ್ಕೆ ವಿಸಿಂಕ್ ಅಂತ ಇತ್ತು.

ಇದ್ದಕ್ಕಿದ್ದಂತೆ ಜಿಗಿದರೆ

ತಲೆ ಕೆಡಿಸುವುದು ಇದೇ. ಒಂದು ಜುಲೈ ತಿಂಗಳಲ್ಲಿ ಮಳೆ ಜೋರಾದಾಗಲೆಲ್ಲ ಮೊಬೈಲ್ ಸ್ಟ್ರೀಮಿನಲ್ಲಿ ಚಿತ್ರ ಸ್ವಲ್ಪ ಮುಂದೆ ಹೋಗುತ್ತಿತ್ತು. ಮಳೆ ನಿಂತ ಮೇಲೂ ಅಲ್ಲೇ ಉಳಿಯುತ್ತಿತ್ತು. ಮುಂದಿನ ಮಳೆಗೆ ಇನ್ನಷ್ಟು. ರೀಸ್ಟಾರ್ಟ್ ಮಾಡಿದರೆ ಸರಿ. ಕೇಬಲ್ ಟಿವಿಯಲ್ಲಿ ಚಿತ್ರ ಒಂದು ಕ್ಷಣ ಒಡೆದು ಕೂಡಿಕೊಳ್ಳುತ್ತಿತ್ತು, ಸಿಂಕ್ ಮಾತ್ರ ತಪ್ಪುತ್ತಿರಲಿಲ್ಲ.

ಮೊದಲು ತಾರಸಿಗೆ ಹೋದೆವು. ಡಿಶ್‌ನ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಹೋಗುವ ಎಫ್ ಕನೆಕ್ಟರ್ ಬಿಚ್ಚಿದರೆ ನಡುವಿನ ತಾಮ್ರದ ತಂತಿ ಹಸಿರು ಕಟ್ಟಿತ್ತು. ಸುತ್ತ ಹಾಕಿದ ಟೇಪ್ ಒಳಗೆ ನೀರು ನಿಂತಿತ್ತು. ಬೆರಳಿನಲ್ಲಿ ಒತ್ತಿದರೆ ಬಿಳಿ ಹೆಣೆಗೆ ಪುಡಿಯಾಗಿ ಉದುರಿತು. ಕಾರವಾರದಿಂದ ಭಟ್ಕಳದವರೆಗೆ ಕಡಲ ಉಪ್ಪು ಗಾಳಿಗೆ ಇದು ಸಾಮಾನ್ಯ. ಹಾಳಾದಷ್ಟು ವೈರ್ ಕತ್ತರಿಸಿ, ಹೊಸ ಕಂಪ್ರೆಶನ್ ಕನೆಕ್ಟರ್ ಹಾಕಿ, ಸೆಲ್ಫ್ ಫ್ಯೂಸಿಂಗ್ ಟೇಪ್ ಸುತ್ತಿದೆವು. ವೈರನ್ನು ಕನೆಕ್ಟರ್‌ಗೆ ಮೊದಲು ಕೆಳಗೆ ಇಳಿಬಿಟ್ಟು ಮೇಲೆ ತಂದೆವು, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಲಿ ಅಂತ. ಮನೆಯಲ್ಲಿ ಡಿಡಿ ಫ್ರೀ ಡಿಶ್‌ನಿಂದ ಚಂದನ ಹಿಡಿದು ಫೋನಿನಲ್ಲಿ ನೋಡುವವರಿಗೂ ಇದು ಅನ್ವಯ. ಫ್ರೀ ಡಿಶ್ ಬರುವುದು ಕೆಯು ಬ್ಯಾಂಡಿನಲ್ಲಿ. ಸಿ ಬ್ಯಾಂಡಿಗಿಂತ ಅದಕ್ಕೆ ಮಳೆಯ ಪೆಟ್ಟು ಜಾಸ್ತಿ.

ಕನೆಕ್ಟರ್ ಸರಿಯಾದ ಮೇಲೆ ಜಿಗಿತ ಕಡಿಮೆ ಆಯಿತು, ನಿಲ್ಲಲಿಲ್ಲ. ಪ್ಯಾಕೆಟ್ ಕಳೆದರೆ ಚಿತ್ರ ಒಡೆಯಬೇಕು, ಸರಿ. ಸಿಂಕ್ ಯಾಕೆ ಹೋಗಬೇಕು? ಚೀಟಿ ಇದೆಯಲ್ಲ? ಟ್ರಾನ್ಸ್‌ಕೋಡ್ ಮಾಡುವ ಎಫ್‌ಎಫ್‌ಎಂಪೆಗ್ ಕಮಾಂಡ್ ಮತ್ತೆ ಓದಿದಾಗ ಸಿಕ್ಕಿತು. ಇನ್‌ಪುಟ್ ವಿಳಾಸದ ಮೊದಲೇ ಫ್ರೇಮ್ ವೇಗದ ಆರ್ ಆಯ್ಕೆ, 25 ಅಂತ ಇತ್ತು. ಇನ್‌ಪುಟ್‌ಗೆ ಮೊದಲು ಅದನ್ನು ಹಾಕಿದರೆ ಎಫ್‌ಎಫ್‌ಎಂಪೆಗ್ ಬಂದ ಚೀಟಿಗಳನ್ನೆಲ್ಲ ಬಿಸಾಡಿ, ಸೆಕೆಂಡಿಗೆ 25ರಂತೆ ತಾನೇ ಹೊಸದು ಬರೆಯುತ್ತದೆ. ಮಳೆಯಲ್ಲಿ ಒಂದು ಫ್ರೇಮ್ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಮುಂದಿನ ಫ್ರೇಮಿಗೆ ಕಳೆದದ್ದರ ಚೀಟಿ ಅಂಟಿಸುತ್ತದೆ. ಚಿತ್ರ 40 ಮಿಲಿಸೆಕೆಂಡ್ ಮುಂದೆ ಹೋಯಿತು, ಶಾಶ್ವತವಾಗಿ. 25 ಫ್ರೇಮ್ ಹೋದರೆ ಪೂರ್ತಿ ಒಂದು ಸೆಕೆಂಡ್. ಆ ಒಂದು ಆಯ್ಕೆಯನ್ನು ಇನ್‌ಪುಟ್ ಆದ ಮೇಲಕ್ಕೆ ಸರಿಸಿದೆವು. ಅವತ್ತಿಂದ ಮಳೆಗೆ ಚಿತ್ರ ಒಡೆದರೂ ಸಿಂಕ್ ಕೆಡಲಿಲ್ಲ.

ನಿಮ್ಮಲ್ಲಿ ಜಿಗಿತ ಇದ್ದರೆ ಲಾಗ್ ತೆರೆದು ಇವನ್ನು ನೋಡಿ. ಕಂಟಿನ್ಯೂಟಿ ಚೆಕ್ ಫೇಲ್ಡ್ ಅಂತ ಇದ್ದರೆ ಪ್ಯಾಕೆಟ್ ದಾರಿಯಲ್ಲಿ ಕಳೆದಿವೆ. ನಾನ್ ಮಾನೋಟೋನಸ್ ಡಿಟಿಎಸ್ (ಹೊಸ ಆವೃತ್ತಿಯಲ್ಲಿ ನಾನ್ ಮಾನೋಟೋನಿಕ್; ಡಿಟಿಎಸ್ ಅಂದರೆ ಯಾವಾಗ ಬಿಚ್ಚಬೇಕು ಅನ್ನುವ ಚೀಟಿ) ಅಂತ ಇದ್ದರೆ ಚೀಟಿ ಹಿಂದಕ್ಕೆ ಓಡಿದೆ, ಹೆಚ್ಚಾಗಿ ಪ್ಲೇಔಟ್ (ಕಾರ್ಯಕ್ರಮ ಓಡಿಸುವ ಯಂತ್ರ) ಬದಲಾದಾಗ. ಕೊನೆಯ ಸಾಲಿನಲ್ಲಿ ಸ್ಪೀಡ್ 1ಕ್ಕಿಂತ ಕಡಿಮೆ ಇದ್ದರೆ ಕಂಪ್ಯೂಟರ್‌ಗೆ ಶಕ್ತಿ ಸಾಲುತ್ತಿಲ್ಲ. ಲೈವ್ ಕಾಯುವುದಿಲ್ಲ, ಬಫರ್ ತುಂಬಿ ಪ್ಯಾಕೆಟ್ ಹೊರಗೆ ಬೀಳುತ್ತದೆ. ಬೇಸಿಗೆಯ ಮಧ್ಯಾಹ್ನ ಮಾತ್ರ ಹೀಗಾದರೆ ಫ್ಯಾನ್ ಬಿಚ್ಚಿ ಧೂಳು ತೆಗೆಯಿರಿ. ಉಳಿದಂತೆ ಎನ್‌ಕೋಡರ್ ಪ್ರಿಸೆಟ್ ಒಂದು ಮೆಟ್ಟಿಲು ಹಗುರ ಮಾಡಿ.

ನೆಟ್‌ವರ್ಕಿನಲ್ಲಿ ಯುಡಿಪಿ (ಕಳೆದ ಪ್ಯಾಕೆಟ್ ಮತ್ತೆ ಕಳಿಸದ ವಿಧಾನ) ಬಳಸುತ್ತಿದ್ದರೆ ಫೈಫೋ ಸೈಜ್, ಬಫರ್ ಸೈಜ್ ಎರಡನ್ನೂ ಹೆಚ್ಚಿಸಿ. ಊರಿಂದೂರಿಗೆ ಇಂಟರ್‌ನೆಟ್ ಮೇಲೆ ತರುವುದಾದರೆ ಯುಡಿಪಿ ಬಿಟ್ಟು ಎಸ್‌ಆರ್‌ಟಿಗೆ ಬನ್ನಿ, ಕಳೆದ ಪ್ಯಾಕೆಟ್ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಅದರ ಲೇಟೆನ್ಸಿ ಮೂಲದಲ್ಲಿ 120 ಮಿಲಿಸೆಕೆಂಡ್ ಇರುತ್ತದೆ. ಘಟ್ಟದ ಮೇಲಿನ ಮೊಬೈಲ್ ನೆಟ್ ನಂಬಿ ಮಾಡುವಾಗ ನಾನು 2000 ಇಡುತ್ತೇನೆ. ಚಿತ್ರ, ಧ್ವನಿ ಒಟ್ಟಿಗೇ ತಡವಾಗುವುದರಿಂದ ಸಿಂಕ್‌ಗೆ ಅದರಿಂದ ಏನೂ ಆಗುವುದಿಲ್ಲ.

ಇಪ್ಪತ್ತಾರೂವರೆ ಗಂಟೆಯ ಸುತ್ತು

ಚೀಟಿ ಬರೆಯಲು ಇರುವುದು 33 ಬಿಟ್ ಜಾಗ. ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. 26 ಗಂಟೆ 30 ನಿಮಿಷ 43 ಸೆಕೆಂಡಿಗೆ ಒಂದು ಸುತ್ತು. ಪ್ರತಿ ದಿನ ಹಿಂದಿನ ದಿನಕ್ಕಿಂತ ಎರಡೂವರೆ ಗಂಟೆ ತಡವಾಗಿ ಸ್ಟ್ರೀಮ್ ಕೆಡುತ್ತಿದ್ದರೆ ಇದೇ ಕಾರಣ, ಬೇರೆ ಹುಡುಕಬೇಡಿ. ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಇದನ್ನು ತಾನೇ ನಿಭಾಯಿಸುತ್ತದೆ. ಕಾಪಿಟಿಎಸ್ ಅನ್ನುವ ಆಯ್ಕೆ ಹಾಕಿದ್ದರೆ ಹಳೇ ಚೀಟಿಯನ್ನೇ ಹಾಗೇ ಹೊರಗೆ ಬಿಡುತ್ತದೆ, ಆಗ ಮುಂದಿನವರು ಎಡವಬಹುದು. 24 ಗಂಟೆ ಓಡುವ ಚಾನೆಲ್‌ಗೆ ಕಾರಣ ಇಲ್ಲದೆ ಅದನ್ನು ಹಾಕಬೇಡಿ. ಬೆಳಗಿನ ಮೂರಕ್ಕೆ ತಾನೇ ರೀಸ್ಟಾರ್ಟ್ ಆಗುವಂತೆ ಇಡುವವರಿದ್ದಾರೆ. ತೊಂದರೆ ಕಾಣದಂತಾಗುತ್ತದೆ, ಹೋಗುವುದಿಲ್ಲ.

ರೀಸ್ಟಾರ್ಟ್ ಆಗಲೇಬೇಕಾದರೆ ಎಚ್‌ಎಲ್‌ಎಸ್ (ಫೋನಿಗೆ ಸೆಗ್ಮೆಂಟ್‌ಗಳಾಗಿ ಕಳಿಸುವ ವಿಧಾನ) ಪಟ್ಟಿಯಲ್ಲಿ ಡಿಸ್ಕಂಟಿನ್ಯೂಟಿ ಗುರುತು ಬೀಳುತ್ತಿದೆಯೇ ನೋಡಿ. ಅದಿಲ್ಲದೆ ಚೀಟಿ ಸೊನ್ನೆಗೆ ಹಾರಿದರೆ ಕೆಲವು ಫೋನ್ ತಾಳಿಕೊಳ್ಳುತ್ತವೆ, ಕೆಲವು ಗೊಂದಲಕ್ಕೆ ಬೀಳುತ್ತವೆ. "ನಮ್ಮ ಮನೇಲಿ ಮಾತ್ರ ಹೀಗೆ" ಅನ್ನುವ ದೂರು ಎಷ್ಟೋ ಸಲ ಇಲ್ಲಿಂದ ಹುಟ್ಟುತ್ತದೆ.

ಈಗ ನಾವು ಓಡಿಸುತ್ತಿರುವ ಕ್ರಮ

ಇನ್‌ಪುಟ್‌ಗೆ ಮೊದಲು: ಥ್ರೆಡ್ ಕ್ಯೂ ಸೈಜ್ ದೊಡ್ಡದು, ಎಫ್‌ಫ್ಲ್ಯಾಗ್ಸ್‌ನಲ್ಲಿ ಜೆನ್‌ಪಿಟಿಎಸ್ ಮತ್ತು ಡಿಸ್ಕಾರ್ಡ್ ಕರಪ್ಟ್. ಬೇರೇನೂ ಇಲ್ಲ. ವಿಡಿಯೋಗೆ ಮೊದಲು ಡಿಇಂಟರ್‌ಲೇಸ್ (ಅರ್ಧರ್ಧ ಗೆರೆಯ ಚಿತ್ರವನ್ನು ಪೂರ್ತಿ ಫ್ರೇಮ್ ಮಾಡುವುದು), ಆಮೇಲೆ ಅಳತೆ ಇಳಿಸುವುದು, ಎಫ್‌ಪಿಎಸ್ ಮೋಡ್ ಸಿಎಫ್‌ಆರ್, ವೇಗ 25, ಕೀಫ್ರೇಮ್ 50 ಫ್ರೇಮಿಗೊಂದು. ಆಡಿಯೋಗೆ ಎ-ರೀಸ್ಯಾಂಪಲ್, ಅಸಿಂಕ್ 100, ಫಸ್ಟ್ ಪಿಟಿಎಸ್ 0, ಆಮೇಲೆ ಎಎಸಿ 48 ಕಿಲೋಹರ್ಟ್ಸ್. ಸೆಗ್ಮೆಂಟ್ ಆರು ಸೆಕೆಂಡ್. ವಾಲ್‌ಕ್ಲಾಕ್‌ನಿಂದ ಚೀಟಿ ಬರೆಯುವ ಆಯ್ಕೆ ಟಿವಿ ಸ್ಟ್ರೀಮಿಗೆ ಬೇಡ. ಅದು ಚೀಟಿಯೇ ಸರಿ ಇಲ್ಲದ ಅಗ್ಗದ ಐಪಿ ಕ್ಯಾಮೆರಾಗಳಿಗೆ. ಒಳ್ಳೆಯ ಚೀಟಿ ಇರುವಲ್ಲಿ ಹಾಕಿದರೆ ನೆಟ್‌ವರ್ಕಿನ ನಡುಕವೆಲ್ಲ ಚೀಟಿಗೆ ಸೇರಿಕೊಳ್ಳುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಳೇ ಕಮಾಂಡನ್ನು ದಿನಾಂಕ ಹಾಕಿ ಉಳಿಸಿಡಿ. ಅಳತೆ ಬರೆಯಲು ನಾವು ರ‍್ಯಾಕ್ ಪಕ್ಕ ಒಂದು ಉದ್ದ ನೋಟ್‌ಬುಕ್ ನೇತು ಹಾಕಿದ್ದೇವೆ. ಯಾವ ಜಾಗ, ಯಾವ ಹೊತ್ತು, ಎಷ್ಟು ಫ್ರೇಮ್, ಮುಂದೋ ಹಿಂದೋ. ಸರಿಯಾಯಿತು ಅನ್ನುವ ಮೊದಲು ಕಡಿಮೆ ಅಂದರೂ 28 ಗಂಟೆ ಓಡಿಸಿ. ಅಷ್ಟರಲ್ಲಿ ಒಂದು ಸುತ್ತು ಖಂಡಿತ ಬರುತ್ತದೆ. ಶುರುವಿನಲ್ಲಿ, ನಾಲ್ಕು ಗಂಟೆಗೆ, ಕೊನೆಯಲ್ಲಿ ಒಂದೊಂದು ಸಲ ಅಳೆಯಿರಿ. ಮೂರೂ ಒಂದು ಫ್ರೇಮಿನ ಒಳಗೆ ಇರಬೇಕು.

ಆ ಆಟ ಆದ ಮೇಲೆ ನಾವು ಪ್ರತಿ ಲೈವ್‌ಗೂ ಪೂರ್ವರಂಗಕ್ಕೆ ಮೊದಲು ಚಂಡೆಯವರ ಹತ್ತಿರ ಹೋಗಿ ಕ್ಯಾಮೆರಾ ನೋಡಿಕೊಂಡು ನಾಲ್ಕು ಬಿಡಿ ಪೆಟ್ಟು ಹೊಡೆಯಲು ಕೇಳುತ್ತೇವೆ. ಅವರು ಒಪ್ಪುತ್ತಾರೆ, ಯಾಕೆ ಅಂತಲೂ ಅವರಿಗೆ ಗೊತ್ತು. ಒಬ್ಬ ಹುಡುಗ ಹೊರಗೆ ಮೊಬೈಲ್ ನೆಟ್‌ನಲ್ಲಿ ವೈರ್ ಹೆಡ್‌ಫೋನ್ ಹಾಕಿಕೊಂಡು ನೋಡುತ್ತಾನೆ. ಅವನು ಕೈ ಎತ್ತಿದ ಮೇಲೆಯೇ ಲೈವ್ ಲಿಂಕ್ ಜನರಿಗೆ ಕಳಿಸುತ್ತೇವೆ.